ಹತ್ತು ಗಂಟೆಯ ಕಳ್ಳು

ಹಂಪನಕಟ್ಟೆಯ ಅಂಗಡಿಯಲ್ಲಿ ಏಳು ತಿಂಗಳು
ಮೇಲಿನ ಹಲಗೆಯಲ್ಲಿ ಮಲಗಿತ್ತು ಅದು,
ಉದ್ದ ಕತ್ತಿನ ಹಸಿರು ಬಾಟಲಿ.
ಆರು ಬಂದಿದ್ದವು. ಐದು ಒಂದೇ ರೋಸಿನ ಮನೆಗೆ ಹೋದವು,
ಇದೊಂದು ಉಳಿಯಿತು.

ಹೆಸರಿಗೆ ನಮ್ಮ ಯಾರ ನಾಲಿಗೆಯೂ ಒಗ್ಗಲಿಲ್ಲ.
ಗಿರಾಕಿಗಳು ಕೇಳುತ್ತಾರೆ: ಸ್ವೀಟಾ, ಡ್ರೈಯಾ?
ಎರಡರ ನಡುವೆ ಎಂದರೆ
ತೂಕದಲ್ಲಿ ಮೋಸ ಮಾಡಿದವನನ್ನು ನೋಡುವಂತೆ ನೋಡಿ
ವಿಸ್ಕಿಯ ಕಡೆ ತಿರುಗುತ್ತಾರೆ.
'ಅರೆ ಒಣ' ಎಂದು ಒಮ್ಮೆ ಹೇಳಿ ನೋಡಿದೆ.
ಒಣಮೀನಿನ ನೆನಪಾಗಿ ನಾನೇ ನಕ್ಕೆ.

ಹಿಂದಿನ ಚೀಟಿಯಲ್ಲಿ ಹೆಬ್ಬೆರಳಿನಷ್ಟು ಚಿತ್ರ:
ಗೋಡೆಯಂಥ ಗುಡ್ಡ, ಕಪ್ಪು ಕಲ್ಲಿನ ಚಕ್ಕೆ,
ಸೊಂಟಕ್ಕೆ ಹಗ್ಗ ಬಿಗಿದ ಹೆಂಗಸು,
ಕೆಳಗೆ ಒಂದು ನದಿ, ನೇತ್ರಾವತಿಯ ಕಾಲು ಅಗಲ.
ಜರ್ಮನಿಯಲ್ಲಿ ಎಲ್ಲೋ ಎರಡೆಕರೆ,
ಅವಳು, ಅವಳ ಅಣ್ಣ, ಇನ್ಯಾರೂ ಇಲ್ಲ,
ಎಂದಿದ್ದ ತಂದುಕೊಟ್ಟ ಏಜೆಂಟ್.

ಧಣಿ ಕಡೆಗೊಮ್ಮೆ ಬೇಸತ್ತು
ಅರ್ಧ ಬೆಲೆಗೆ ನೀನೇ ತಕ್ಕೋ ಮಾರಾಯ ಎಂದರು.

ಭಾನುವಾರ ಸೋಮೇಶ್ವರಕ್ಕೆ ಒಯ್ದೆ,
ಮೀನಿನ ಡಬ್ಬಿಯ ಮಂಜುಗಡ್ಡೆಯಲ್ಲಿ ಹೂತು.
ತನಿಯಪ್ಪ ಮಾವ ಮೂವತ್ತೆಂಟು ವರ್ಷ ಮೂರ್ತೆ ಮಾಡಿದವ.
ಮರ ತಬ್ಬಿ ತಬ್ಬಿ ಅಂಗಾಲು ಒಳಕ್ಕೆ ಬಾಗಿ
ಇಂದಿಗೂ ಅವನಿಗೆ ಚಪ್ಪಲಿ ಹೊಂದುವುದಿಲ್ಲ.

ಅತ್ತೆಯ ಬಂಗುಡೆ ಪುಳಿಮುಂಚಿ ಕಿವಿ ಬಿಸಿ ಮಾಡಿತ್ತು.
ಸ್ಟೀಲ್ ಲೋಟಕ್ಕೆ ಸುರಿದೆ.
ಮಾವ ಮೊದಲು ಕಿವಿಯ ಹತ್ತಿರ ಹಿಡಿದ.
ಹುಳಿಯುವಾಗ ಕಳ್ಳು ಮಾತಾಡುತ್ತದೆ, ಅವನಿಗೆ ಗೊತ್ತು.
'ಸುಮ್ಮನಿದೆ' ಎಂದ.
ಆಮೇಲೆ ಮೂಗು. ಆಮೇಲೆ ನಾಲಿಗೆ.
ಆಮೇಲೆ ಬಹಳ ಹೊತ್ತು ಅಂಗಳದ ಕಡೆ ದೃಷ್ಟಿ.

'ಉಂದು ಪತ್ತ್ ಗಂಟೆದ ಕಲಿ.'

ಆರಕ್ಕೆ ಇಳಿಸಿದರೆ ಮಕ್ಕಳ ಬಾಯಿಯ ಸಿಹಿ,
ಮಧ್ಯಾಹ್ನ ದಾಟಿದರೆ ಜಗಳ.
ಹತ್ತಕ್ಕೆ ಮಾತ್ರ, ಅದೂ ಅರೆಗಳಿಗೆ,
ಸಿಹಿಯ ಪಕ್ಕ ಹುಳಿ ಬಂದು ಕೂರುತ್ತದೆ
ಹೆಣ್ಣು ನೋಡಲು ಬಂದ ಹುಡುಗನಂತೆ
ಕುರ್ಚಿಯ ತುದಿಯಲ್ಲಿ.
ಆ ಗಳಿಗೆಗಾಗಿ ಸೈಕಲ್ ತುಳಿದಿದ್ದ ಮಾವ
ತೊಕ್ಕೊಟ್ಟಿನವರೆಗೆ, ಬುರುಡೆ ಕುಲುಕದಂತೆ.
ಒಂದು ದಿನವೂ ಗಡಂಗು ಮುಟ್ಟುವ ತನಕ ಅದು ನಿಲ್ಲಲಿಲ್ಲ.

'ಸುಣ್ಣ ಬಳಿದಿದ್ದಾರೆಯೆ?'
ಇಲ್ಲ ಮಾವ, ಚಳಿ. ನೆಲಮಾಳಿಗೆಯ ಚಳಿಗೆ
ಹುಳಿಯುವುದು ಅರ್ಧದಲ್ಲೇ ನಿಂತುಬಿಡುತ್ತದಂತೆ.
'ಚಳಿಗಾ!'
ಎಪ್ರಿಲಿನ ಸೆಕೆ. ಬನಿಯನು ಬೆನ್ನಿಗಂಟಿತ್ತು.
ಯಾರೋ ತನ್ನ ಪಾಲಿನದನ್ನು ಬೇರೆಯವರಿಗೆ ಹಂಚಿದಂತೆ
ತುಸು ಮುನಿದು ಲೋಟ ಖಾಲಿ ಮಾಡಿದ.

ಬಾಟಲಿ ತಿರುಗಿಸಿ ಚಿತ್ರ ತೋರಿಸಿದೆ.
ಕನ್ನಡಕ ಹುಡುಕಿ ತಂದು
ನದಿ ಬಿಟ್ಟ, ಗುಡ್ಡ ಬಿಟ್ಟ, ಹೆಂಗಸಿನ ಮುಖವನ್ನೂ ಬಿಟ್ಟ,
ಹಗ್ಗವನ್ನೇ ನೋಡಿದ.

'ಗಂಟು ಸಾಲದು. ಇನ್ನೊಂದು ಸುತ್ತು ಬೇಕು.
ಯಾರಾದರೂ ಆ ಕಡೆ ಹೋಗುವವರಿದ್ದರೆ
ಹೇಳಿಕಳಿಸು.'