ಬೈತಲೆ

ಊರಿನ ಹೆಸರು ವೂಚ್, ಅಂದರೆ ದೋಣಿ.
ಹೊಳೆಗಳನ್ನೆಲ್ಲ ಗಿರಣಿಗಳು ನೆಲದಡಿ ಹೂತು
ನೂರು ವರ್ಷವಾಯಿತು; ದೋಣಿ ಮಾತ್ರ
ಹೆಸರಿನಲ್ಲೇ ನಿಂತಿದೆ, ಇಟ್ಟಿಗೆಗೆಂಪಿನ ದಡದಲ್ಲಿ.

ಅಂಥದೊಂದು ಹಳೇ ಗಿರಣಿಯ ಮೂರನೇ ಮಹಡಿ ನನ್ನ ಕಚೇರಿ.
ಮಗ್ಗಗಳಿಗೆ ಪ್ರೋಗ್ರಾಂ ಬರೆಯುತ್ತೇನೆ.
ರಾತ್ರಿ ಒಂದೂವರೆ.
ಕಂಪೈಲರ್ ಹನ್ನೊಂದು ಕಡೆ ಅದನ್ನೇ ಕೇಳುತ್ತಿದೆ:
'ಇಲ್ಲಿ ಏನೂ ಇಲ್ಲದಿರಬಹುದು. ಇಲ್ಲದಿದ್ದರೆ ಏನು ಮಾಡುತ್ತೀ?'

ಇರುತ್ತದೆ ಮಾರಾಯ, ಇರುತ್ತದೆ.
ಆ ಡಬ್ಬಿ ತುಂಬಿಸಿದವಳು ನಾನೇ, ಮೇಲಿನ ಸಾಲಿನಲ್ಲೇ.
ಗಡಿ ಕಾಯುವ ಪೇದೆಗೆ ಹಾಗೆಂದರೆ ಆದೀತೆ?
ಅವನಿಗೆ ಮುಖ ಬೇಡ, ಚೀಟಿ ಬೇಕು.

ಯಾರೊಗ್ನೆಫ್ ನಗುತ್ತಾನೆ. ಮೂವತ್ತು ವರ್ಷ
ಮೆಮೊರಿಯ ವಿಳಾಸಗಳನ್ನು ಬರಿಗೈಯಲ್ಲಿ ಹಿಡಿದವನು.
'ಈಜು ಬಲ್ಲವನ ಸೊಂಟಕ್ಕೂ ಹಗ್ಗ ಕಟ್ಟುತ್ತಾರೆ ಈಗಿನವರು.'
ತಾನು ಮುಳುಗಿದ್ದನ್ನು ಹೇಳುವುದಿಲ್ಲ:
ಎಂಟೇ ಗೂಡಿದ್ದ ಸಾಲಿನಲ್ಲಿ ಒಂಬತ್ತನೆಯದಕ್ಕೆ ಬರೆದದ್ದು,
ಆ ಗೂಡಿನಲ್ಲಿ ಬೇರೆ ಯಾರದೋ ವೇಗ ಮಲಗಿದ್ದದ್ದು,
ಬ್ಯಾವಿಸ್ಟೊಕ್‌ನಲ್ಲಿ ಮಗ್ಗವೊಂದು ಇಡೀ ಭಾನುವಾರ
ಹುಚ್ಚು ಹಿಡಿದು ಓಡಿದ್ದು.

ನನಗೆ ನೆನಪಾಗುವುದು ಬೊಗುಮಿವಾ, ನನ್ನ ಅಜ್ಜಿ.
ಇದೇ ಕಟ್ಟಡದಲ್ಲಿ ಇಪ್ಪತ್ತೆರಡು ವರ್ಷ, ರಾತ್ರಿ ಪಾಳಿ.
ಹಾಸಿನ ಒಂದೊಂದು ಎಳೆಗೂ
ಒಂದೊಂದು ತೆಳು ತಗಡು ತೂಗುತ್ತಿತ್ತಂತೆ.
ಎಳೆ ಕಡಿದರೆ ತಗಡು ಬೀಳಬೇಕು,
ತಗಡು ಬಿದ್ದರೆ ಮಗ್ಗ ನಿಲ್ಲಬೇಕು.
ಅಷ್ಟೇ ಅದರ ವಿದ್ಯೆ.

ಎಳೆ ಸಡಿಲಾದರೂ ಬೀಳುತ್ತಿತ್ತು.
ಯಾರೋ ಬಾಗಿಲು ಬಡಿದರೂ ಬೀಳುತ್ತಿತ್ತು.
ನಿಂತ ಮಗ್ಗಕ್ಕೆ ಕೂಲಿಯಿಲ್ಲ.
ನಾಲ್ಕು ತಗಡುಗಳನ್ನು ಮೇಲೆತ್ತಿ ನೂಲಿನಿಂದ ಕಟ್ಟಿದಳು.
'ನನ್ನ ಕಿವಿಗೆ ಗೊತ್ತಾಗುತ್ತದೆ' ಎಂದಳು.
ಗೊತ್ತಾಗುತ್ತಿತ್ತು ಕೂಡ. ಏಳು ತಿಂಗಳು.

ಎಂಟನೇ ತಿಂಗಳಲ್ಲಿ ಅಮ್ಮನಿಗೆ ಮಂಗನಬಾವು,
ಆಕೆಗೆ ಎರಡು ಹಗಲು ನಿದ್ದೆಯಿಲ್ಲ.
ಹದಿನಾಲ್ಕು ಮೀಟರು ಬಟ್ಟೆಯ ನಡುವೆ
ನೇರ ಒಂದು ಬೈತಲೆ,
ಬಾಚಣಿಗೆಯ ತುದಿಯಿಂದ ತೆಗೆದ ಹಾಗೆ.

ದಂಡ ಹಾಕಿ, ಬಟ್ಟೆಯನ್ನು ಆಕೆಯ ತಲೆಗೇ ಕಟ್ಟಿದರು.
ನಮ್ಮ ಅಡುಗೆಮನೆಯ ಪರದೆ ಅದೇ.
ಬೆಳಿಗ್ಗೆ ಬಿಸಿಲಿನ ಗೆರೆಯೊಂದು
ಬ್ರೆಡ್ಡನ್ನು ದಾಟಿ, ಸಕ್ಕರೆ ಡಬ್ಬಿ ದಾಟಿ
ಆಕೆಯ ಮುಂಗೈ ಮೇಲೆ ನಿಲ್ಲುತ್ತಿತ್ತು.
'ತಗಡಿಗೆ ಬಟ್ಟೆ ಗೊತ್ತಿಲ್ಲ,' ಎನ್ನುತ್ತಿದ್ದಳು, ಕೈ ಸರಿಸದೆ,
'ಬೀಳುವುದಷ್ಟೇ ಗೊತ್ತು.'
ಆಮೇಲೆ ನಾಲ್ಕನ್ನೂ ಬಿಚ್ಚಿದೆಯಾ, ಕೇಳಿದ್ದೆ.
'ಮೂರನ್ನು,' ಅಂದಳು.
'ಆ ಒಂದು ನಿಜಕ್ಕೂ ಸುಳ್ಳುಬುರುಕ.'

ಎರಡು ಗಂಟೆ.
ಹತ್ತು ಕಡೆ ಅದು ಕೇಳಿದ್ದಕ್ಕೆ ಉತ್ತರ ಬರೆದೆ,
ಬೈದುಕೊಂಡೇ. ಎರಡು ಕಡೆ ಅದೇ ಸರಿಯಿತ್ತು.
ಹನ್ನೊಂದನೆಯದರಲ್ಲಿ
'ಅಸುರಕ್ಷಿತ' ಎಂಬ ಪದವನ್ನು ನಾನೇ ಬೆರಳಚ್ಚಿಸಿ
ಆವರಣ ತೆರೆದು ಒಂದೇ ಸಾಲು ಒಳಗಿಟ್ಟೆ;
ಪಕ್ಕದಲ್ಲಿ ನನ್ನ ಹೆಸರು, ತಾರೀಕು, ಕಾರಣ.

ಕಂಪೈಲರ್ ಸುಮ್ಮನಾಯಿತು.
ಕೆಳಗೆ ಪರೀಕ್ಷೆಯ ಮಗ್ಗ ಓಡತೊಡಗಿದೆ.
ದೀಪ ಆರಿಸಿ ಮೆಟ್ಟಿಲ ಮೇಲೆ ಕೂತು
ಕಿವಿಗೊಟ್ಟಿದ್ದೇನೆ.