ಒಂದು ಸಹಿ ಕಡಿಮೆ

ನಾನು ಸಭೆಯ ಶೀಘ್ರಲಿಪಿಗಾರ್ತಿ.
ಮೂವತ್ತೊಂದು ವರ್ಷ ಇವರ ಮಾತು ಇಳಿಸಿಕೊಂಡು
ಬೆರಳ ಗೆಣ್ಣು ಊದಿವೆ.
ನನ್ನ ಯಂತ್ರದಲ್ಲಿ ನಗುವಿಗೆ ಗುರುತುಂಟು, ಚಪ್ಪಾಳೆಗೂ ಉಂಟು;
ಸುಮ್ಮನಿರುವುದಕ್ಕೆ ಮಾತ್ರ ಇಲ್ಲ.

ಅದಕ್ಕೇ ಆ ಜನವರಿಯದನ್ನು ಇಲ್ಲಿ ಬರೆಯುತ್ತೇನೆ,
ಕಡತಕ್ಕಲ್ಲ.

ಮಧ್ಯಾಹ್ನ ಒಂದು ಗಂಟೆ. ಬಂದವು ಪೆಟ್ಟಿಗೆಗಳು,
ಮಹಾಗನಿ ಮರದವು, ತೊಗಲಿನ ಪಟ್ಟಿ ಬಿಗಿದವು,
ಹರೆಯದ ಹುಡುಗರ ಕೈಯಲ್ಲಿ
ನಿದ್ದೆಹೋದ ಕೂಸನ್ನು ಹೊತ್ತ ಹಾಗೆ ಮೆಲ್ಲಗೆ.
ಒಳಗೆ ರಾಜ್ಯಕ್ಕೊಂದು ಲಕೋಟೆ.
ಅಕ್ಷರಮಾಲೆಯ ಕ್ರಮದಲ್ಲಿ ಒಡೆಯುತ್ತಾರೆ:
ಅಲಬಾಮಾ, ಅಲಾಸ್ಕಾ, ಅರಿಜೋನಾ,
ಶಾಲೆಯ ಹಾಜರಿಯಂತೆ. ಯಾರೂ ಗೈರಿಲ್ಲ.
ಎಣಿಸುವವರು ನಾಲ್ವರು. ಎಣಿಸುವುದೇನು,
ನವೆಂಬರಿನಲ್ಲೇ ಊರಿಗೆಲ್ಲ ಗೊತ್ತಾದದ್ದನ್ನು
ಇನ್ನೊಮ್ಮೆ ಗಟ್ಟಿಯಾಗಿ ಓದುವುದು.

ಓಡೆಸ್ಸಾ ಟಾರ್ಪ್ಲಿನ್ ಎದ್ದಳು.
ನದಿ ಕಡಲು ಸೇರುವ ಕಡೆಯವಳು, ಹಿಂದೆ ಗಣಿತದ ಟೀಚರು.
ಕೈಯಲ್ಲಿ ಒಂದೇ ಹಾಳೆ.
ಆ ಹಾಳೆಯ ಹಿಂದೆ ಮೂರು ಮತಗಟ್ಟೆ,
ಕೆಟ್ಟು ಕೂತ ಯಂತ್ರ, ಒಂಬತ್ತು ಗಂಟೆಯ ಸಾಲು,
ಸಾಲಿನಲ್ಲೇ ಮಡಚು ಕುರ್ಚಿ ಹಾಕಿಕೊಂಡ ಯೂಲಾ ಬ್ರೂಸಾರ್ಡ್.
ಇನ್ಸುಲಿನ್ನಿಗೆ ಹೊತ್ತಾಯಿತೆಂದು ಮನೆಗೆ ಹೋಗಿ
ತಿರುಗಿ ಬಂದಾಗ ಸಾಲಿನ ಬಾಲಕ್ಕೆ ಕಾವಲಿನವ ನಿಂತಿದ್ದ:
ಏಳಾಯಿತಮ್ಮಾ, ಮುಗಿಯಿತು.

ಕಾನೂನು ಕೇಳುವುದು ಯೂಲಾಳನ್ನಲ್ಲ.

"ಆಕ್ಷೇಪಣೆ ಬರಹದಲ್ಲಿದೆಯೆ?"
"ಇದೆ."
"ಕೆಳಮನೆಯವರೊಬ್ಬರ ಸಹಿ?"
"ನನ್ನದು."
"ಸೆನೆಟರ್ ಒಬ್ಬರದು?"

ಇಲ್ಲಿ ನನ್ನ ಬೆರಳು ನಿಂತವು.

ಹಿಂದಿನ ರಾತ್ರಿಯೆಲ್ಲ ಆಕೆ ಬಾಗಿಲು ಬಡಿದಿದ್ದಳು.
ಕೆಲವರು ಕಾಫಿ ಕೊಟ್ಟರು. ಒಬ್ಬರು ಅತ್ತೇಬಿಟ್ಟರು.
ಪೆನ್ನಿನ ಮುಚ್ಚಳ ಯಾರೂ ತೆಗೆಯಲಿಲ್ಲ.
"ಮುಂದಿನ ಸಲ ನೋಡೋಣ" ಎಂದನಂತೆ ಒಬ್ಬ ಮುದುಕ,
ಬಸ್ಸು ತಪ್ಪಿದವಳಿಗೆ ಹೇಳುವ ಹಾಗೆ.

ಈಗ ನೂರು ಜನ ತಂತಮ್ಮ ಬೂಟು ನೋಡಿಕೊಂಡರು.
ಹನ್ನೊಂದು ಸೆಕೆಂಡು. ನಾನು ಎಣಿಸಿದೆ.
ಕಡತದಲ್ಲಿ ಇರುವುದು ಇಷ್ಟು:
"ಸೆನೆಟರ್ ಸಹಿ ಇಲ್ಲ."
"ಹಾಗಾದರೆ ಸ್ವೀಕರಿಸಲಾಗದು."
ಎರಡೂ ಸಾಲು ಒತ್ತೊತ್ತಿಗೆ,
ನಡುವೆ ಗಾಳಿಯೂ ಆಡಲಿಲ್ಲವೆಂಬಂತೆ.

ಮುಂದಿನ ಲಕೋಟೆ.

ವರ್ಷಗಳಾದ ಮೇಲೆ ಇನ್ನೊಬ್ಬ ಎದ್ದ, ಕ್ಲೇಬರ್ನ್ ವೀಚ್.
ಹೊಸ ಟೈ. ಹಾಳೆಯಲ್ಲಿ ಎರಡೂ ಸಹಿ ಆಗಲೇ ಒಣಗಿ ಕೂತಿದ್ದವು.
ಕೊಟ್ಟದ್ದೇ ತಡ, ಸಭೆ ಎರಡಾಯಿತು;
ಮೇಲ್ಮನೆಯವರು ಎದ್ದು ತಮ್ಮ ಕೋಣೆಗೆ ನಡೆದರು,
ಚರ್ಚೆ ಎರಡು ಗಂಟೆ, ತಲೆಗೆ ಐದು ನಿಮಿಷ.
ಯಾವ ಮತಗಟ್ಟೆ? ಯಾವ ಬೀದಿ? ಯಾರ ಹೆಸರು?
"ಜನ ಹೇಳುತ್ತಿದ್ದಾರೆ" ಎಂದ, ಹದಿನಾಲ್ಕು ಸಲ.
ಹೇಳುವ ಜನಕ್ಕೆ ಹೇಳಿಕೊಟ್ಟವನು ತಾನೇ.
ಎರಡೂ ಮನೆ ಒಪ್ಪಬೇಕಿತ್ತು; ಒಂದೂ ಒಪ್ಪಲಿಲ್ಲ. ಬಿತ್ತು.
ಆದರೂ ಕಡತದಲ್ಲಿ ಅವನಿಗೆ ನಲವತ್ತು ಪುಟ,
ಓಡೆಸ್ಸಾಗೆ ಆರು ಸಾಲು.

ಈಗ ಕಾನೂನು ಬದಲಾಗಿದೆ.
ಒಂದೊಂದು ಸಹಿ ಸಾಲದು,
ಎರಡೂ ಮನೆಯಲ್ಲಿ ಐದರಲ್ಲೊಂದು ಪಾಲು ಬೇಕು.
ಬಾಗಿಲಿಗೆ ದಪ್ಪ ಅಗುಳಿ. ಒಳ್ಳೆಯದೇ ಆಯಿತು ಎನ್ನುತ್ತಾರೆ,
ನಾನೂ ಎನ್ನುತ್ತೇನೆ, ವೀಚನನ್ನು ನೆನೆದು.
ಆಕೆಯನ್ನು ನೆನೆದರೆ
ಆ ಮಾತು ಗಂಟಲಲ್ಲೇ ಕೂರುತ್ತದೆ.

ನಿವೃತ್ತಿಯ ದಿನ ಫೋನು ಮಾಡಿ ಕೇಳಿದೆ:
ಆ ಹಾಳೆ ಏನು ಮಾಡಿದಿರಿ?
ಸ್ವಲ್ಪ ನಕ್ಕಳು. "ನಾಲ್ಕು ಮಡಿಕೆ ಮಾಡಿ ಯೂಲಾಗೆ ಕೊಟ್ಟೆ.
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ,
ಹಾಲಿನ ಲೆಕ್ಕದ ಪಕ್ಕ.
ಖಾಲಿ ಗೆರೆಯ ಮೇಲೆ ತಾನೇ ಸಹಿ ಹಾಕಿಬಿಟ್ಟಳು ಮಾರಾಯ್ತಿ."

ಸಹಿಯ ಕೆಳಗೆ ಹೊತ್ತೂ ಬರೆದಿದ್ದಾಳಂತೆ:
ಸಂಜೆ ಏಳು ಗಂಟೆ ನಾಲ್ಕು ನಿಮಿಷ.