ಮೂರೋ ಎಂಟೋ

ಖಂಡಾಳದ ಘಾಟಿನಾಗ ಬಸ್ಸು ನಿಂತು ಒಂದು ತಾಸಾಗಿತ್ತು.
ಡ್ರೈವರ್ ಕೆಳಗಿಳಿದು ಟಾಯರಿಗೆ ಒದ್ದ,
ತಪ್ಪು ಟಾಯರಿಂದು ಅನ್ನೂ ಹಂಗ.
ಮುಂದ ಟ್ಯಾಂಕರ್ ಅಡ್ಡ ಬಿದ್ದೈತಿ, ಬೆಂಕಿ ಹತ್ತೇತಿ, ಅಂದ್ರು.
ಎಲ್ಲೈತಿ ಬೆಂಕಿ?
ಹೊಗಿ ಇಲ್ಲ, ಉರಿ ಇಲ್ಲ,
ಮಟಮಟ ಮಧ್ಯಾಹ್ನ, ಬಿಸಲು ಬಿಸಲಿನಂಗ ಐತಿ.
ಮದಿವಿಗೆ ಹೊಂಟಿದ್ದ ಮಂದಿ
ಜರಿ ಸೀರಿ ಎತ್ತಿ ಹಿಡಕೊಂಡು ಹೋಗಿ ನೋಡಿ
ಎಲ್ಲಾ ಸುಳ್ಳ ಅಂತ ಮರಾಠಿಯೊಳಗ ಬೈಕೊಂತ ಬಂದ್ರು.

ನನಗ ಗೊತ್ತಿತ್ತು.
ಮೆಥನಾಲ್ ಹಗಲಿನಾಗ ಕಾಣದಂಗ ಉರೀತೈತಿ.
ಹದಿನೇಳು ವರ್ಷ ಕಳಂಬೋಲಿಯೊಳಗ
ಟ್ಯಾಂಕರಿನ ಬೆನ್ನಿಗೆ ಅಪಾಯ ಬರಿಯೂ ಕಸಬು ನಂದು:
ಕೆಂಪು ಚೌಕ, ಮೂಲಿ ಮ್ಯಾಲ ನಿಂದ್ರಿಸಿದ್ದು,
ಒಳಗ ಬಿಳಿ ಉರಿ.
ಬಾಜೂಕ ಬುರುಡಿ, ಎರಡು ಎಲುಬು.
ಕೆಳಗ ಒಂದು ಎರಡು ಮೂರು ಸೊನ್ನಿ.
ಅದರ ಕೆಳಗ ಕಂಪನಿ ಫೋನ್ ನಂಬರು.
ಚೌಕಕ್ಕ ಎಂಬತ್ತು ರೂಪಾಯಿ, ಬುರುಡಿಗೆ ನೂರು.
ನಂಬರಿಗೆ ರೊಕ್ಕ ಇಲ್ಲ, ಅದು ಪುಕ್ಕಟ.

ಬುರುಡಿ ಬ್ಯಾಡ ಅಂದಿದ್ದ ಒಬ್ಬ, ರಾಮಸಜೀವನ್, ಜೌನಪುರದಾಂವ.
ಹೆಣ್ತಿ ಬಸರಿ ಅದಾಳ,
ಇದನ್ನ ಹೊತಗೊಂಡು ಹೆಂಗ ತಿರಗ್ಲಿ?
ಕಾನೂನು ಐತಿ, ಅಂದೆ.
ಹಂಗಾರ ಹಲ್ಲು ಕಮ್ಮಿ ಮಾಡು, ಅಂದ.
ಎರಡು ಹಲ್ಲು ಬಿಟ್ಟೆ.
ಬುರುಡಿ ಸಣ್ಣ ಕೂಸಿನಂಗ ನಕ್ಕಿತು.
ಅಂವ ಕೆಳಗ ನಿಂಬಿಹಣ್ಣು ಕಟ್ಟಿದ.

ಪೈಪ್ ಎಳಕೊಂಡು ಬಂದ್ರು.
ಎಲ್ಲಾರಕಿಂತ ಮುಂದಿನಾವನ ಕೈಯಾಗ ಕಸಬರಿಗಿ,
ಉದ್ದ ಬಿದರಿಗೆ ಕಟ್ಟಿದ್ದು.
ಕುರುಡ ಬಡಿಗಿ ಆಡಿಸಿದಂಗ ಗಾಳಿಯೊಳಗ ಆಡಿಸಿಕೊಂತ
ಒಂದೊಂದ ಹೆಜ್ಜಿ.
ರಸ್ತಾ ಗುಡಸಾಕ ಬಂದಾನ ನೋಡ, ಅಂತ ಮದಿವಿ ಮಂದಿ ನಕ್ರು.
ಬರೇ ಗಾಳಿಗೆ ತಾಗಿ ಕಸಬರಿಗಿ ಭಗ್ ಅಂತು.
ಆಮ್ಯಾಲ ಎಲ್ಲಾರೂ ಹಿಂದ ಸರದ್ರು,
ಒಬ್ಬಾಕಿ ಚಪ್ಪಲಿ ಅಲ್ಲೇ ಉಳೀತು.

ನಾ ಡಿವೈಡರ್ ಹತ್ತಿ ನಿಂತೆ.
ದೂರದ್ದು ನನಗ ಚಂದ ಕಾಣ್ತೈತಿ, ಹತ್ತರದ್ದ ಕಾಣೂದಿಲ್ಲ.
ಅದಕ್ಕಂತನ ಪುಣೆಕ್ಕ ಹೊಂಟಿದ್ದೆ, ಚಾಳೀಸು ಹಾಕಿಸಾಕ,
ನಾಕು ವರ್ಷ ತಡ ಮಾಡಿ.
ಅಡ್ಡ ಬಿದ್ದ ಟ್ಯಾಂಕರಿನ ಆಚೆ
ಗುಡ್ಡ ನಡಗತಿತ್ತು, ನೀರಿನಾಗಿನ ಗುಡ್ಡದಂಗ.
ಬಣ್ಣ ಗುಳ್ಳಿ ಎದ್ದಿತ್ತು.
ಎರಡು ಹಲ್ಲಿಲ್ಲದ ಬುರುಡಿ ನನ್ನ ಕಡೆ ನೋಡತಿತ್ತು.
ನಾ ಬರದ ಉರಿ ಎಲ್ಲಾರಿಗೂ ಕಂಡಿತು,
ಖರೇದು ಕಾಣವಲ್ದು.

ಎದಿ ಮ್ಯಾಲ ಘೋರ್ಪಡೆ ಅಂತ ಹೆಸರಿದ್ದ ಪೊಲೀಸಾಂವ
ಬೋರ್ಡ್ ನೋಡಿ ನಂಬರ್ ಒತ್ತಿದ, ಸ್ಪೀಕರ್ ಹಚ್ಚಿ.
ಮುದುಕಿ ಒಬ್ಬಾಕಿ ಎತ್ತಿದಳು.
ಹಿಂದ ಕುಕ್ಕರ್ ಸೀಟಿ ಹೊಡೀತು.
ಎಂಥಾ ಟ್ಯಾಂಕರ್, ಬಾಳಾ? ಇದು ಮನಿ.
ಅಂವ ಕಣ್ಣು ಕಿವುಚಿ ಮತ್ತ ಬೋರ್ಡ್ ನೋಡಿದ.
ಕಡೀದು ಮೂರೋ ಎಂಟೋ, ಅಂದ.

ಮೂರೋ ಎಂಟೋ.
ನನ್ನ ಕುಂಚದಾಗ ಎರಡೂ ಒಂದ ಆಗಿ ಎಷ್ಟು ದಿನ ಆತೋ,
ಎಷ್ಟು ಟ್ಯಾಂಕರ್ ಈಗ ಯಾವ್ಯಾವ ಘಾಟು ಹತ್ತಾಕ ಹತ್ಯಾವೋ.
ನಾ ಮಾತಾಡಲಿಲ್ಲ.
ಅಂವ ಎರಡೂ ಒತ್ತಿ ನೋಡಿದ, ಅಷ್ಟೊತ್ತಿಗೆ ಹತ್ತು ನಿಮಿಷ.

ರಾಮಸಜೀವನ್ ಒದ್ದಿ ಚಾದರ ಹೊತ್ತು ರಸ್ತಾದ ಅಂಚಿಗೆ ಕುಂತಿದ್ದ,
ಎರಡೂ ಕೈ ಮುಂದ ಚಾಚಿ,
ಹಚ್ಚಿದ ಬಣ್ಣ ಆರಲಿ ಅನ್ನಾವರಂಗ.
ಗುರತು ಹಿಡದನೋ ಇಲ್ಲೋ.
ಕ್ಲೀನರ್ ಹುಡುಗ ಎಲ್ಲಿ ಅಂತ ಕೇಳಾಕ ನನಗಾಗಲಿಲ್ಲ,
ಪೇಪರಿನಾಗೂ ಹುಡುಕಲಿಲ್ಲ.
ಸಂಜಿಮುಂದ, ಆರಿಸಿ ಮುಗಿಸೂದ್ರಾಗ,
ಡಾಂಬರಿನ ಬಿರುಕಿನಾಗ ಕಡೇ ಚೂರು ಕಂಡಿತು:
ನೀಲಿ.
ಅಂಥಾ ನೀಲಿ ನನ್ನ ಡಬ್ಬಿಯೊಳಗ ಇಲ್ಲ.

ಈಗ ಚಾಳೀಸು ಐತಿ.
ನಂಬರು ಬರದು, ಹತ್ತು ಹೆಜ್ಜಿ ಹಿಂದ ಸರದು,
ಓದಿಕೊಂತ ಒತ್ತತೇನಿ.
ಹಾಂ, ಏನಾಗೇತಿ? ಅಂತಾರ.
ಏನಿಲ್ರೀ, ಅಂತೇನಿ,
ಇನ್ನೂ ಏನೂ ಆಗಿಲ್ಲ.